ಸದ್ದು ಮಾಡದ ಡಿಸ್ಕು, ಕಿವಿಗೊಡುವ ಡಿಸ್ಕಕ್ಕ

ಬೆಳಗಿನ ಐದೂವರೆ. ಬೀದಿಯ ಅಂಗಡಿಗಳ ಷಟರ್‌ಗಳೆಲ್ಲ ಇನ್ನೂ ನೆಲ ಕಚ್ಚಿಕೊಂಡಿವೆ. ಮೂರಂತಸ್ತಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಮಾತ್ರ ಒಂದು ಬಿಳಿ ದೀಪ ಉರಿಯುತ್ತಿದೆ. ಅಲ್ಲಿಗೆ ತಲೆ ತಗ್ಗಿಸದೆ ಹೋಗುವಂತಿಲ್ಲ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು. ಒಂದು ಮೇಜು, ಒಂದು ಸ್ಟೂಲು, ಗೋಡೆಗೆ ಬಡಿದ ಮೂರು ಹಲಗೆ. ಅಂಗಡಿ ಅಂದರೆ ಅಷ್ಟೇ.

ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದರ ಮೇಲೆ ಬಿಳಿ ಬಟ್ಟೆ ಹಾಸಿ, ಕನ್ನಡಕ ಏರಿಸಿಕೊಂಡ ಹೆಂಗಸು ಲ್ಯಾಪ್‌ಟಾಪೊಂದನ್ನು ಬೋರಲು ಮಲಗಿಸಿ ಸ್ಕ್ರೂ ಬಿಚ್ಚುತ್ತಿದ್ದಾಳೆ. ಬಿಚ್ಚಿದ ಸ್ಕ್ರೂಗಳು ಒಂದೊಂದಾಗಿ ಪ್ಲಾಸ್ಟಿಕ್ ಡಬ್ಬಿಯ ಪುಟ್ಟ ಮನೆಗಳಿಗೆ ಬೀಳುತ್ತವೆ. ವಾರದ ಏಳು ದಿನಕ್ಕೆ ಏಳು ಮನೆಗಳಿರುವ ಮಾತ್ರೆ ಡಬ್ಬಿ ಅದು. ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದ ತಾಯಿಗೆ ಇದರಿಂದಲೇ ಮಾತ್ರೆ ಕೊಡುತ್ತಿದ್ದಳು. ಈಗ ಮುಚ್ಚಳದ ಸ್ಕ್ರೂ ಸೋಮವಾರಕ್ಕೆ, ಬ್ಯಾಟರಿಯದು ಮಂಗಳವಾರಕ್ಕೆ.

"ಆರೂಕಾಲಿಗೆ ಬೀದಿ ಗುಡಿಸೋರು ಬರ್ತಾರೆ. ಅಷ್ಟರೊಳಗೆ ಬಿಚ್ಚಿದ್ದನ್ನ ಮುಚ್ಚಿಬಿಡ್ಬೇಕು," ಎನ್ನುತ್ತಾಳೆ. ಮರುಕ್ಷಣವೇ ತನ್ನ ಮಾತಿಗೆ ತಾನೇ ನಗುತ್ತಾಳೆ. "ಈಗಿನ ಡಿಸ್ಕಿಗೆ ಧೂಳಿನ ಭಯ ಇಲ್ಲ. ಭಯ ನಂಗೆ. ಹಳೇ ಅಭ್ಯಾಸ, ಹೋಗಲ್ಲ."

ಇವಳಿಗೆ ಐವತ್ನಾಲ್ಕು. ಬೀದಿಗೆಲ್ಲ 'ಡಿಸ್ಕಕ್ಕ'. ಆ ಹೆಸರು ಇಟ್ಟವರು ಮೇಲಿನ ಮಹಡಿಯ ಜೆರಾಕ್ಸ್ ಅಂಗಡಿಯವರು. ಮೊದಮೊದಲು ಚೇಷ್ಟೆಗೆ ಕರೆದದ್ದು, ಇಪ್ಪತ್ತೆಂಟು ವರ್ಷದಲ್ಲಿ ಖಾಯಮ್ಮಾಯಿತು.

ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದ. ಗಿರಾಕಿ ಕೈಗಡಿಯಾರ ಮುಂದಿಟ್ಟರೆ ಅಪ್ಪ ಮೊದಲು ಮುಚ್ಚಳ ಬಿಚ್ಚುತ್ತಿರಲಿಲ್ಲ. ಕಿವಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದ. ಮಗಳು ಟೈಪಿಂಗ್ ಕಲಿತು ಟೈಪಿಂಗ್ ಶಾಲೆಯಲ್ಲೇ ಟೀಚರಾದಳು. ಹನ್ನೆರಡು ಯಂತ್ರಗಳ ಟಕಟಕದ ನಡುವೆ ನಿಂತು, ಯಾವ ಮೂಲೆಯ ಹುಡುಗಿ ತಪ್ಪು ಬೆರಳು ಇಟ್ಟಳೆಂದು ತಿರುಗಿ ನೋಡದೆ ಹೇಳುತ್ತಿದ್ದಳು. ಆಮೇಲೆ ಶಾಲೆಗೆ ಕಂಪ್ಯೂಟರ್ ಬಂತು, ಟೈಪ್‌ರೈಟರ್‌ಗಳು ಗವಸು ಹೊದ್ದು ಮಲಗಿದವು. ಕಂಪ್ಯೂಟರ್ ಕೆಟ್ಟಾಗ ತಿಂಗಳಿಗೊಮ್ಮೆ ಒಬ್ಬ ಮೆಕ್ಯಾನಿಕ್ ಬರುತ್ತಿದ್ದ. ಸ್ಕ್ರೂಡ್ರೈವರಿನ ತುದಿಯನ್ನು ಹಾರ್ಡ್ ಡಿಸ್ಕಿಗೆ, ಹಿಡಿಯನ್ನು ತನ್ನ ಕಿವಿಗೆ ಒತ್ತಿ ಕೇಳುತ್ತಿದ್ದ. ಅಪ್ಪನದೇ ಭಂಗಿ. "ಆವತ್ತೇ ತೀರ್ಮಾನಿಸಿದೆ, ಈ ಕೆಲಸ ನನ್ನದು ಅಂತ," ಎನ್ನುತ್ತಾಳೆ.

ಅಂಗಡಿ ತೆರೆದ ಹೊಸತರಲ್ಲಿ ಬಂದವರು ಅವಳ ಭುಜದಾಚೆಗೆ ಇಣುಕಿ, "ರಿಪೇರಿ ಮಾಡೋರು ಎಲ್ಲಮ್ಮಾ?" ಎಂದು ಕೇಳುತ್ತಿದ್ದರು. "ಹಿಂದೆ ಗೋಡೆ ಇದೆ, ಕರೀಲಾ?" ಎನ್ನುತ್ತಿದ್ದಳು. ಕೆಲವರು ನಕ್ಕು ನಿಂತರು, ಕೆಲವರು ಮುಖ ತಿರುವಿ ನಡೆದರು. ಗಂಡ ದೂರದ ಬಸ್ಸುಗಳ ಚಾಲಕ, ವಾರಕ್ಕೆರಡು ದಿನ ಮನೆಗೆ ಸಿಗುವವನು. ಅಂಗಡಿ ಮತ್ತು ಅಮ್ಮನ ಹಾಸಿಗೆಯ ನಡುವೆ ಓಡಾಡಿದ್ದು ಇವಳೊಬ್ಬಳೇ. ಮೆಟ್ಟಿಲ ಕೆಳಗೆ ಬಗ್ಗಿ ಬಗ್ಗಿ ಕತ್ತಿಗೆ ಬಂದ ನೋವು ಈಗ ಮನೆಯವಳಂತೆ ನೆಲೆಸಿಬಿಟ್ಟಿದೆ.

ದಿನಕ್ಕೆ ಆರೇಳು ಯಂತ್ರ ಬರುತ್ತವೆ. ಹಲಗೆಯ ಮೇಲೆ ನಲವತ್ಮೂರು ನೋಟ್‌ಬುಕ್ಕುಗಳಿವೆ. ಪ್ರತಿ ಪುಟದ ನಡುವೆ ಒಂದು ಗೆರೆ. ಎಡಕ್ಕೆ 'ಬಂದಾಗ ಹೇಳಿದ್ದು', ಬಲಕ್ಕೆ 'ಆಮೇಲೆ ಹೇಳಿದ್ದು'. ಕೆಟ್ಟ ಮೇಲೆ ನೀವೇನು ಮಾಡಿದಿರಿ ಎಂದು ಎಲ್ಲರನ್ನೂ ಕೇಳುತ್ತಾಳೆ. ಎಡಗಡೆ ಸಾಲುಸಾಲಾಗಿ ಒಂದೇ ಉತ್ತರ: ಏನೂ ಮಾಡಿಲ್ಲ. ಬಲಗಡೆ ಥರಾವರಿ: ನೀರು ಚೆಲ್ಲಿತು, ತಮ್ಮ ಬಿಚ್ಚಿ ನೋಡಿದ, ಸಿಟ್ಟಲ್ಲಿ ಕುಕ್ಕಿದೆ. ಬಲಗಡೆ ತುಂಬುವವರೆಗೆ ಯಂತ್ರವನ್ನು ಪರೀಕ್ಷಿಸುತ್ತಾಳೆಯೇ ಹೊರತು ರಿಪೇರಿಗೆ ಕೈ ಹಾಕುವುದಿಲ್ಲ. ಅವಳ ನೇಮ ಅದು.

ಹಳೆಯ ಡಿಸ್ಕುಗಳ ಮಾತು ಬಂದರೆ ಡಿಸ್ಕಕ್ಕನ ದನಿ ಮೆತ್ತಗಾಗುತ್ತದೆ. ಅವು ಮಾತಾಡುತ್ತಿದ್ದವು. ಚೆನ್ನಾಗಿದ್ದರೆ ಒಂದೇ ಸಮನೆ ಗುಂಯ್ಗುಡುತ್ತಿದ್ದವು. ದಣಿದರೆ ಟಿಕ್ ಟಿಕ್ ಎಂದು ತಡವರಿಸುತ್ತಿದ್ದವು. ಕೊನೆಗಾಲಕ್ಕೆ ಒಂದು ನಿಟ್ಟುಸಿರು. ಅವುಗಳ ಜಾಗಕ್ಕೆ ಎಸ್‌ಎಸ್‌ಡಿ ಬಂದು ಎಂಟೊಂಬತ್ತು ವರ್ಷವಾಗಿದೆ. ತಿರುಗುವ ಚಕ್ರವಿಲ್ಲ, ಸದ್ದಿಲ್ಲ. "ಮೊದಲ್ನೇ ಸಲ ಕೈಗೆ ತಗೊಂಡಾಗ ಬಿಸ್ಕತ್ತಿನಷ್ಟು ಹಗುರ. ಕಿವಿಗಿಟ್ಟೆ, ಏನೂ ಇಲ್ಲ. ಇಪ್ಪತ್ತು ವರ್ಷ ಪಳಗಿಸಿದ ಕಿವಿ ಒಂದೇ ದಿನಕ್ಕೆ ಕೆಲ್ಸಕ್ಕೆ ಬಾರದ್ದಾಯ್ತಲ್ಲ ಅಂತ ಅಳು ಬಂತು."

ಕಳೆದ ತಿಂಗಳು ದೊಡ್ಡದೊಂದು ಅಪ್‌ಡೇಟ್ ಬಂದ ಮೇಲೆ ಇಂಥ ಎಸ್‌ಎಸ್‌ಡಿ ಯಂತ್ರಗಳೇ ಸಾಲುಗಟ್ಟಿದವು. ಮೊನ್ನೆವರೆಗೆ ಕುದುರೆಯಂತೆ ಓಡುತ್ತಿದ್ದದ್ದು ತೆವಳುತ್ತಿದೆ ಎಂಬುದೇ ಎಲ್ಲರ ದೂರು. ಹೆಚ್ಚಿನವಕ್ಕೆ ಔಷಧಿ ಸುಲಭ: ಒಂದು ದಿನ ಹಾಗೇ ಬಿಡಿ, ಒಳಗೆ ಸಾಮಾನು ಜೋಡಿಸಿಕೊಳ್ಳುತ್ತಿದೆ. ಕೆಲವದರಲ್ಲಿ ಅಪ್‌ಡೇಟ್ ತನ್ನ ಹಿಂದಿನ ಪ್ರತಿಯನ್ನೂ ಒಳಗೇ ಬಿಟ್ಟು ಜಾಗ ತಿಂದಿರುತ್ತದೆ; ಅದನ್ನು ತೆಗೆದರಾಯಿತು. ಮೂರನೆಯ ಥರದ್ದು ಅಪರೂಪ. ಆ ಥರದ್ದನ್ನು ತಂದವರು ನರ್ಸಮ್ಮ.

ನರ್ಸಮ್ಮನಿಗೆ ಎಪ್ಪತ್ತೊಂದು. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ಮೂರು ವರ್ಷ ದುಡಿದವರು. ಅಂದು ಬೆಳಿಗ್ಗೆ ಐದೂಮುಕ್ಕಾಲಿಗೆ, ಲ್ಯಾಪ್‌ಟಾಪನ್ನು ಕೂಸಿನಂತೆ ಟವೆಲಿನಲ್ಲಿ ಸುತ್ತಿ ತಂದು ಹೊರಗೆ ನಿಂತರು.

"ಕೆಟ್ಟ ಮೇಲೆ ನೀವೇನಾದ್ರೂ ಮಾಡಿದ್ರಾ ಅಮ್ಮಾ?"

"ಏನೂ ಮಾಡಿಲ್ಲ ಕಣಮ್ಮ."

ಡಿಸ್ಕಕ್ಕ ಎಡಗಡೆ ಬರೆದುಕೊಂಡಳು. ಯಂತ್ರ ತೆರೆದುಕೊಳ್ಳಲು ಹನ್ನೊಂದು ನಿಮಿಷ ಹಿಡಿಯಿತು. ಒಂದು ಸಾಲಿನ ಪ್ರಶ್ನೆ ಟೈಪ್ ಮಾಡಿದಳು. ಉತ್ತರವಾಗಿ ಸೊನ್ನೆ ಬರಬೇಕಾದಲ್ಲಿ ಒಂದು ಎಂಬ ಅಂಕಿ ಬಂತು. ರೋಗ ಸಿಕ್ಕಿಬಿಟ್ಟಿತು.

ಅವಳು ಅದನ್ನು ಮನೆಮಾತಿನಲ್ಲಿ ವಿವರಿಸುತ್ತಾಳೆ. "ನಾವು ಅಳಿಸಿದ್ದೆಲ್ಲ ಒಳಗೆ ಕಸವಾಗಿ ಬಿದ್ದಿರುತ್ತೆ. ಇದು ಕಸ, ಗುಡಿಸು ಅಂತ ಕಂಪ್ಯೂಟರ್ರು ಡಿಸ್ಕಿಗೆ ಹೇಳ್ಬೇಕು. ಇವರದ್ರಲ್ಲಿ ಅಪ್‌ಡೇಟ್ ಆದ್ಮೇಲೆ ಆ ಹೇಳೋದು ನಿಂತೋಗಿತ್ತು. ಗುಡಿಸೋಳು ಬಾಗಿಲಲ್ಲೇ ನಿಂತಿದಾಳೆ, ಒಳಗೆ ಕರೆಯೋರಿಲ್ಲ. ಮನೆ ತುಂಬ ಕಸ, ಕಾಲಿಡೋಕೆ ಜಾಗ ಇಲ್ಲ. ನಿಧಾನ ಆಗ್ದೆ ಇನ್ನೇನಾಗುತ್ತೆ?"

ಪರಿಹಾರ ಎರಡೇ ಸಾಲು. ಗುಡಿಸುವವಳನ್ನು ಕರೆಯುವುದು, ಈಗಲೇ ಗುಡಿಸು ಎನ್ನುವುದು. ಕಾಲು ಗಂಟೆಯ ಕೆಲಸ. ಎರಡೂ ಸಾಲು ಬರೆದು ಬೆರಳನ್ನು ಕೀಲಿಯ ಮೇಲಿಟ್ಟಳು. ನೋಟ್‌ಬುಕ್ಕಿನ ಬಲಗಡೆ ಖಾಲಿಯಿತ್ತು. ತಲೆ ಎತ್ತಿದರೆ, ನರ್ಸಮ್ಮ ಮೆಟ್ಟಿಲ ಕಂಬಿಗೆ ಒರಗಿ ಮಂಡಿ ನೀವಿಕೊಳ್ಳುತ್ತಿದ್ದರು. ಡಿಸ್ಕಕ್ಕ ಎದ್ದು ಹೊರಗೆ ಬಂದು, ಅವರನ್ನು ಒಳಗೆ ಕಳಿಸಿ ತನ್ನ ಸ್ಟೂಲಿನ ಮೇಲೆ ಕೂರಿಸಿದಳು.

ಕೂತ ಮೇಲೆ ನರ್ಸಮ್ಮ ಬಾಯಿಬಿಟ್ಟರು. "ಹೆರಿಗೆ ಕೋಣೇಲಿ ನಾನೂ ಹೀಗೇ ಕೇಳ್ತಿದ್ದೆ. ಬಿದ್ಯಾ, ಏನಾದ್ರೂ ಮದ್ದು ತಗೊಂಡ್ಯಾ ಅಂತ. ಎಲ್ರೂ ಏನೂ ಇಲ್ಲ ಅಂತಿದ್ರು. ನಂಗೆ ಕೋಪ ಬರ್ತಿತ್ತು," ಎಂದರು. ಆಮೇಲೆ, "ಅಳಿಸಿದೀನಿ ಕಣೇ. ಒಂಬತ್ತು ವರ್ಷದ್ದು," ಎಂದರು.

ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ಮಗುವಿನ ತೂಕ, ಗಳಿಗೆ ಎಲ್ಲ ಇರುತ್ತದೆ. ನರ್ಸಮ್ಮ ತಮ್ಮದೇ ಪುಸ್ತಕಗಳಲ್ಲಿ ಬೇರೊಂದನ್ನು ಬರೆದಿಡುತ್ತಿದ್ದರು: ಮಗುವನ್ನು ಕಂಡ ತಾಯಿ ಆಡಿದ ಮೊದಲ ಮಾತು. ಎರಡು ವರ್ಷದಿಂದ ಎರಡೇ ಬೆರಳಲ್ಲಿ, ಹೆಸರುಗಳನ್ನು ಬಿಟ್ಟು, ಅದನ್ನೆಲ್ಲ ಟೈಪ್ ಮಾಡುತ್ತಿದ್ದರು. ಒಂದೊಂದು ಪುಸ್ತಕ ಮುಗಿದಂತೆ ಹರಿದು ನೀರಲ್ಲಿ ನೆನೆಸಿ ಮುದ್ದೆ ಮಾಡಿಬಿಡುತ್ತಿದ್ದರು. ಅವುಗಳಲ್ಲಿ ಹೆಸರುಗಳಿದ್ದವು, ಆ ಹೊತ್ತಿನಲ್ಲಿ ಹೆಂಗಸರು ಏನೇನೋ ಅಂದುಬಿಟ್ಟಿರುತ್ತಾರೆ, ಇನ್ನೊಬ್ಬರ ಕಣ್ಣಿಗೆ ಬೀಳಬಾರದು.

ಹೀಗಿರುವಾಗ ಅಪ್‌ಡೇಟ್ ಬಂತು. ಬೆರಳು ಒತ್ತಿ ಎಷ್ಟೋ ಹೊತ್ತಿನ ಮೇಲೆ ಅಕ್ಷರ ಮೂಡತೊಡಗಿತು. ಒತ್ತಿದೆನೋ ಇಲ್ಲವೋ ಎಂದು ಮತ್ತೆ ಒತ್ತಿದರೆ ಎರಡೆರಡು. "ಯಂತ್ರದ ಮೇಲೆ ಅನುಮಾನ ಬರ್ಲಿಲ್ಲ. ನನ್ನ ಮೇಲೇ ಬಂತು. ನಮ್ಮಕ್ಕನಿಗೂ ಹೀಗೇ ಶುರುವಾಗಿದ್ದು. ಮೊದ್ಲು ಕೈ ತಡೀತು, ಆಮೇಲೆ ನಮ್ಮ ಗುರುತೇ ಹೋಯ್ತು." ಯಾರಿಗೂ ಹೇಳಲಿಲ್ಲ. ಯಂತ್ರ ನಿಧಾನ ಎಂದಷ್ಟೇ ಮಗನಿಗೆ ಫೋನಿನಲ್ಲಿ ಹೇಳಿದಾಗ, "ತುಂಬಿಸಿಟ್ಟಿರ್ತೀಯಮ್ಮ, ಹಳೇದನ್ನ ಅಳಿಸು," ಎಂದ. ಮೊದಲ ಒಂಬತ್ತು ವರ್ಷ ಅಳಿಸಿದರು. ತೆರೆಯ ಮೇಲಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು.

"ವೇಗ ಆಯ್ತಾ ಅಮ್ಮಾ?"

"ಇಲ್ಲ. ಆ ಹೆಂಗಸರ ಮಾತೆಲ್ಲ ಹೋಯ್ತು, ಅಷ್ಟೇ."

ಡಿಸ್ಕಕ್ಕ ಒಳಗೆ ಕೈ ಚಾಚಿ ಸ್ವಿಚ್ಚನ್ನು ಒತ್ತಿ ಹಿಡಿದು ಯಂತ್ರವನ್ನು ಅಲ್ಲೇ ಆರಿಸಿದಳು. ಗುಡಿಸುವವಳು ಒಳಗೆ ಬಂದಿಲ್ಲ ಅಂದರೆ ಕಸ ಇನ್ನೂ ಅಲ್ಲೇ ಇದೆ. ಕಸದಲ್ಲಿ ಆ ಒಂಬತ್ತು ವರ್ಷವೂ ಇದೆ. ಯಂತ್ರವನ್ನು ತೆವಳಿಸುತ್ತಿದ್ದ ರೋಗವೇ ಅಳಿಸಿದ್ದನ್ನೂ ಉಳಿಸಿಕೊಂಡಿತ್ತು. ಆ ಕೀಲಿ ಒತ್ತಿದ್ದರೆ ಕಾಲು ಗಂಟೆಯಲ್ಲಿ ಯಂತ್ರ ಓಡುತ್ತಿತ್ತು, ನರ್ಸಮ್ಮ ಕೈಮುಗಿದು ಹೋಗುತ್ತಿದ್ದರು, ಆ ಮಾತುಗಳು ಜಗತ್ತಿನಲ್ಲಿ ಎಲ್ಲೂ ಇರುತ್ತಿರಲಿಲ್ಲ. ಅದನ್ನು ಹೇಳುವಾಗ ಇವತ್ತಿಗೂ ಅವಳು ಬಲಗೈ ಬೆರಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾಳೆ.

ಡಿಸ್ಕನ್ನು ಬಿಚ್ಚಿ, ಓದಲು ಮಾತ್ರ ಬಿಟ್ಟು ಬರೆಯಲು ಬಿಡದ ಹಾಗೆ ಇನ್ನೊಂದು ಯಂತ್ರಕ್ಕೆ ಜೋಡಿಸಿ, ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಲು ಒಂದಿಡೀ ದಿನ ಹಿಡಿಯಿತು. ಆ ನಕಲಿನಲ್ಲಿ ಹುಡುಕಲು ಮೂರು ದಿನ. ನಾನೂರ ಹನ್ನೊಂದು ಪುಟದಲ್ಲಿ ಮುನ್ನೂರ ಅರವತ್ತೆಂಟು ಪೂರ್ತಿ ಸಿಕ್ಕವು, ಇಪ್ಪತ್ತೊಂಬತ್ತು ಅರ್ಧಂಬರ್ಧ. ಹದಿನಾಲ್ಕು ಸಿಗಲೇ ಇಲ್ಲ.

ಆಮೇಲೆ ಗುಡಿಸುವವಳನ್ನು ಕರೆದದ್ದು. ಐದನೆಯ ಬೆಳಿಗ್ಗೆ ಯಂತ್ರ ಹತ್ತೊಂಬತ್ತು ಸೆಕೆಂಡಿನಲ್ಲಿ ತೆರೆದುಕೊಂಡಿತು. ಸ್ಟೂಲಿನ ಮೇಲೆ ಕೂತ ನರ್ಸಮ್ಮ ಎರಡು ಬೆರಳಲ್ಲಿ ಒಂದು ಸಾಲು ಹೊಡೆದರು. ಬೆರಳಿನ ಜೊತೆಜೊತೆಗೇ ಅಕ್ಷರ ಬಂತು. ಕೈಗಳನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

"ಹಾಗಾದ್ರೆ ನಾನಲ್ಲ."

"ನೀವಲ್ಲ ಅಮ್ಮ."

ಅವರು ಮರಳಿ ಬಂದ ಪುಟಗಳನ್ನು ಓದಿ ಹೇಳಿದರು. ಒಬ್ಬಳು ಮಗುವನ್ನು ನೋಡಿ, "ಇಷ್ಟು ಹೊತ್ತು ಎಲ್ಲಿದ್ಯೋ?" ಅಂದಿದ್ದಳು. ಇನ್ನೊಬ್ಬಳು, "ಮೂಗು ನಮ್ಮತ್ತೇದು, ಇನ್ನೇನು ಮಾಡೋಕಾಗುತ್ತೆ." ಮತ್ತೊಬ್ಬಳು ಕಿಟಕಿ ತೆಗೆಯಿರಿ ಅಂದಿದ್ದಳು, ಅಷ್ಟೇ. ಇಬ್ಬರೂ ನಗುತ್ತ ಕಣ್ಣೊರೆಸಿಕೊಂಡರು.

ಅಂದು ನರ್ಸಮ್ಮ ಚೀಲದಿಂದ ಒಂದು ಮರದ ಕೊಳವೆ ತೆಗೆದರು. ಬಸುರಿಯ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳುತ್ತಿದ್ದ ಕೊಳವೆ. ಕಿವಿ ತಾಗಿ ತಾಗಿ ಅಂಚು ನುಣುಪಾಗಿದೆ. "ಈಗ ಯಂತ್ರದಲ್ಲಿ ನೋಡ್ತಾರೆ. ಇದನ್ನ ಯಾರು ಕೇಳ್ತಾರೆ," ಎಂದರು. ಡಿಸ್ಕಕ್ಕ ಮೇಲಿನ ಹಲಗೆಯಿಂದ ತನ್ನ ಮೊದಲ ಹಾರ್ಡ್ ಡಿಸ್ಕನ್ನು ಇಳಿಸಿದಳು. ಯಾರ ಕೆಲಸಕ್ಕೂ ಬಾರದ ಅದನ್ನು ದಿನಾ ಬೆಳಿಗ್ಗೆ ಒಂದು ನಿಮಿಷ ತಿರುಗಿಸಿ ಕೇಳುವುದು ಅವಳ ಗುಟ್ಟು. ವಿದ್ಯುತ್ ಕೊಟ್ಟಳು. ನರ್ಸಮ್ಮ ಕೊಳವೆಯನ್ನು ಅದರ ಬೆನ್ನಿಗಿಟ್ಟು ಬಗ್ಗಿ, ಕೈಗಡಿಯಾರ ನೋಡುತ್ತ ಕೇಳಿದರು.

"ಬಡಿತ ಸ್ವಲ್ಪ ಜಾಸ್ತಿ. ಆದ್ರೆ ಗಟ್ಟಿ ಇದೆ ಕಣೇ."

ಹೊರಗೆ ಬೀದಿ ಗುಡಿಸುವ ಸದ್ದು ಹತ್ತಿರವಾಗುತ್ತಿತ್ತು. ಆ ಒಂದು ದಿನ ಡಿಸ್ಕಕ್ಕ ಏನನ್ನೂ ಮುಚ್ಚಲು ಅವಸರ ಮಾಡಲಿಲ್ಲ.

ಇವತ್ತೂ ಆರೂಕಾಲಾಗುತ್ತಿದೆ. ಸೋಮವಾರದ ಸ್ಕ್ರೂಗಳು ತಮ್ಮ ಜಾಗಕ್ಕೆ ಮರಳಿವೆ. ಹೊಸ ಗಿರಾಕಿಯೊಬ್ಬ ತಲೆ ತಗ್ಗಿಸಿ ಇಣುಕಿ, ಅವಳು ಕೇಳುವ ಮೊದಲೇ ತಾನೇನೂ ಮಾಡಿಲ್ಲ ಎನ್ನುತ್ತಾನೆ. ಅವಳು ಎಡಗಡೆ ಬರೆದುಕೊಂಡು, ತನ್ನ ಸ್ಟೂಲನ್ನು ಅವನತ್ತ ತಳ್ಳಿ, ಕತ್ತು ಬಗ್ಗಿಸಿ ನಿಂತುಕೊಳ್ಳುತ್ತಾಳೆ. ದೊಡ್ಡ ಅಂಗಡಿ, ಬೋರ್ಡು, ಅಂಥ ಆಸೆಯೇನೂ ಇಲ್ಲವೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾಳೆ.

"ಇನ್ನೊಂದು ಸ್ಟೂಲ್ ಹಾಕೋಷ್ಟು ಜಾಗ ಆದ್ರೆ ಸಾಕು. ನಿಂತ್ಕೊಂಡು ಯಾರೂ ನಿಜ ಹೇಳಲ್ಲ."