ಕೊನೆಯ ಕತೆ ಪುಣಜನೂರಿಗೆ ಹೋದದ್ದು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ನಾನು ದಿನಾ ಹೋಗುವ ಬಸ್ಸಿನಲ್ಲಿ ಒಂದು ಸಣ್ಣ ಕತೆ ಸರಿಯಾಗಿ ಓದಿ ಮುಗಿಯುತ್ತದೆ. ತೆರಕಣಾಂಬಿ ದಾಟುವಷ್ಟರಲ್ಲಿ ಅರ್ಧ, ನಗರದ ಬಸ್‌ಸ್ಟ್ಯಾಂಡಿಗೆ ಪೂರ್ತಿ. ಇದು ಗೊತ್ತಾದದ್ದು ನಮ್ಮ ಮನೆಯವರ ಪುಸ್ತಕದಿಂದ.

ಅವರು ಹಂಗಳದಲ್ಲಿ ಹುಡುಗರಾಗಿದ್ದಾಗ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಅಂತರಿಕ್ಷ ನೌಕೆಯ ಧಾರಾವಾಹಿಯೊಂದು ಬರುತ್ತಿತ್ತಂತೆ. ಬೀದಿಗೆಲ್ಲ ಒಂದೇ ಟೀವಿ, ಮಾತೆಲ್ಲ ಹಿಂದಿ. ಅರ್ಥವಾಗದಿದ್ದರೂ ಒಂದು ಕಂತನ್ನೂ ಬಿಟ್ಟವರಲ್ಲ. ಕೊನೆಯ ಕಂತಿನಲ್ಲಿ, ಇನ್ನೇನು ನೌಕೆ ಭೂಮಿಗೆ ಇಳಿಯಬೇಕು ಅನ್ನುವಾಗ, ಇಡೀ ಊರಿಗೆ ಕರೆಂಟು ಹೋಯಿತು. ನೌಕೆ ಇಳಿಯಿತೋ ಇಲ್ಲವೋ ಅವರಿಗೆ ತಿಳಿಯಲೇ ಇಲ್ಲ.

ಹೋದ ವರ್ಷ ಮೈಸೂರಿನ ಹಳೆ ಪುಸ್ತಕದಂಗಡಿಯಲ್ಲಿ ಅದೇ ಧಾರಾವಾಹಿಯ ಕತೆಗಳ ಸಂಕಲನ ಕನ್ನಡದಲ್ಲಿ ಸಿಕ್ಕಿತು. ಒಂಬತ್ತು ಕತೆ. ಬದನಗುಪ್ಪೆಯ ಕಾರ್ಖಾನೆಯಲ್ಲಿ ವಾರವೆಲ್ಲ ದುಡಿಯುವ ಅವರು ಭಾನುವಾರಕ್ಕೆ ಒಂದೇ ಕತೆ ಓದುತ್ತಿದ್ದರು, ಟೀವಿಯಲ್ಲಿ ಬರುತ್ತಿದ್ದ ಹಾಗೇ. ಮುಂದಿನದರ ಮೇಲೆ ಕಣ್ಣೂ ಹಾಯಿಸುತ್ತಿರಲಿಲ್ಲ.

ಬೈಂಡಿನ ಅಂಟು ಒಣಗಿ ಹಾಳೆಗಳು ಕಳಚುತ್ತಿದ್ದವು. ನಾನು ಒಂದೊಂದು ಕತೆಯನ್ನೂ ಬೇರೆ ಮಾಡಿ ಸೂಜಿದಾರದಲ್ಲಿ ಹೊಲಿದೆ. ಅವರು ಓದಿ ಮುಗಿಸಿದ್ದು ಸೋಮವಾರ ನನ್ನ ಊಟದ ಬ್ಯಾಗಿಗೆ ಬರುತ್ತಿತ್ತು. ನನ್ನದಾದ ಮೇಲೆ ಬಸ್ಸಿನ ಗೆಳತಿಯರಿಗೆ. ಒಂದೇ ಷರತ್ತು.

"ಕೊನೇದು ಮಾತ್ರ ನಾನು ಓದೋಗಂಟ ಮನೆ ಬುಟ್ಟು ಆಚ್ಗೆ ಓಗ್ಬಾರ್ದು ಕಣಮ್ಮಿ," ಎಂದಿದ್ದರು.

ನನ್ನ ಪಕ್ಕದ ಸೀಟಿನವಳು ನಗರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಯಾವ ಪುಸ್ತಕ ಕೊಟ್ಟರೂ ಹಿಂದಿನಿಂದ ಓದುವವಳು. "ಕೊನೆ ಗೊತ್ತಾಗ್ದೆ ನಂಗೆ ನಿದ್ದೆ ಬರಲ್ಲ ಕಣಕ್ಕ. ನಾಳೆ ಬೆಳಿಗ್ಗೆ ವಾಪಸ್ ಕೊಡ್ತೀನಿ," ಎಂದು ಗೋಗರೆದಳು. ಮನೆಯವರು ಎಂಟನೆಯದನ್ನು ಮುಗಿಸಿದ ಮಾರನೆಯ ದಿನ ಕೊನೆಯದನ್ನು ಅವಳಿಗೆ ಕೊಟ್ಟುಬಿಟ್ಟೆ. ಭಾನುವಾರಕ್ಕೆ ಇನ್ನೂ ಆರು ದಿನವಿತ್ತಲ್ಲ. ಅವರಿಗಿಂತ ಮೊದಲು ಓದಬಾರದೆಂದು ನಾನು ಅದನ್ನು ಬಿಚ್ಚಿಯೂ ನೋಡಿರಲಿಲ್ಲ.

ಮಂಗಳವಾರ ಅವಳ ಸೀಟು ಖಾಲಿ. ತಾಯಿ ಜಾರಿಬಿದ್ದು ಕಾಲು ಉಳುಕಿತೆಂದು ಪುಣಜನೂರಿಗೆ ಹೋಗಿದ್ದಳು. ಕತೆ ಅವಳ ಬ್ಯಾಗಿನಲ್ಲೇ.

ಶನಿವಾರದವರೆಗೂ ನಾನು ಬಾಯಿ ಬಿಡಲಿಲ್ಲ. ಭಾನುವಾರ ಬೆಳಿಗ್ಗೆಯೇ ಅವರು ಸ್ನಾನ ಮುಗಿಸಿ, ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತು ಕೈ ಚಾಚಿದರು. ಹೇಳಿದೆ.

ಬಯ್ಯಲಿಲ್ಲ. "ಆವತ್ತು ಕರೆಂಟ್ ತೆಗ್ದೋನು ಒಬ್ಬ, ಇವತ್ತು ನೀನು," ಎಂದರು.

ಫೋನು ಮಾಡಿದರೆ ಅವಳು, "ಫೋಟೋ ತಗ್ದು ಕಳಿಸ್ಲಾಕ್ಕ?" ಅಂದಳು.

"ಬ್ಯಾಡ. ನೆಟ್‌ವರ್ಕು ಅರ್ಧಕ್ಕೆ ಕೈಕೊಟ್ರೆ? ನಡಿ ಓಗನ," ಎಂದು ಅವರು ಬೈಕ್ ಹೊರಗೆ ತೆಗೆದರು.

ಪುಣಜನೂರಿನಲ್ಲಿ ಅವಳು ಬಾಗಿಲಲ್ಲೇ ನಿಂತಿದ್ದಳು. "ಬನ್ನಿ ಭಾವ. ಎಷ್ಟು ಚೆನ್ನಾಗದೆ ಗೊತ್ತಾ? ಆ ನೌಕೆ..."

ಅವರು ತೆಗೆಯುತ್ತಿದ್ದ ಹೆಲ್ಮೆಟನ್ನು ಮತ್ತೆ ತಲೆಗೆ ಒತ್ತಿಕೊಂಡರು. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಅವಳ ತಾಯಿ, "ಯಾಕಪ್ಪ, ನಮ್ಮನೆ ಸೂರು ತಲೆ ಮ್ಯಾಲೆ ಬಿದ್ದೋಯ್ತದೆ ಅಂತ್ಲಾ?" ಎಂದರು. ಕಾಫಿ ಕುಡಿಯಲು ಅವರು ಹೆಲ್ಮೆಟಿನ ಗಾಜನ್ನಷ್ಟೇ ಮೇಲೆತ್ತಿದರು.

ಹಿಂದಿರುಗುವಾಗ ಹುಣಸೆಮರವೊಂದರ ಕೆಳಗೆ ಬೈಕು ನಿಲ್ಲಿಸಿ ಓದಿದರು. ಆ ತಾಯಿ ಕಟ್ಟಿಕೊಟ್ಟಿದ್ದ ಬೇಯಿಸಿದ ಕಡಲೆಕಾಯಿ ಬಿಡಿಸುತ್ತ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಒಂದು ಹಾಳೆಯನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಓದಿದರು. ಮುಗಿದ ಮೇಲೆ ಒಬ್ಬರೇ ನಕ್ಕು, ಕತೆಯನ್ನು ಮಡಚಿ ಜೇಬಿಗಿಟ್ಟರು.

"ಇಳೀತಾ?" ಎಂದೆ.

"ಬೈಕ್ ಹತ್ತು."

"ಅಲ್ಲ ಕಣ್ರಿ, ನೌಕೆ ಇಳೀತಾ?"

"ನಾನು ಓದಿದ್ದು ಸೋಮ್ವಾರ ತಾನೆ ನಿನ್ ಬ್ಯಾಗಿಗೆ ಬರೋದು? ನಾಳೆ ಬತ್ತದೆ ಬುಡು."

ನಗರ ತಲುಪುವಷ್ಟರಲ್ಲಿ ಇನ್ನೂ ಮೂರು ಸಲ ಕೇಳಿದೆ. ಮೂರು ಸಲವೂ ಹೆಲ್ಮೆಟನ್ನು ತಟ್ಟಿ, ಏನೂ ಕೇಳಿಸುತ್ತಿಲ್ಲವೆಂದು ಕೈಯಾಡಿಸಿದರು.