ನಮ್ಮ ಓಣಿಯನ್ನು ಬಿಟ್ಟುಹೋದ ಗೆರೆ

ನನ್ನ ಸೋದರಮಾವನನ್ನು ಕಳ್ಳ ಎಂದು ಮೊದಲು ಕರೆದದ್ದು ಊರಲ್ಲ, ನನ್ನ ಅಮ್ಮ. ಒಡಹುಟ್ಟಿದ ಅಕ್ಕನೇ ಹಾಗೆಂದ ಮೇಲೆ ಊರಿನ ಬಾಯಿಗೆ ಬೀಗ ಹಾಕುವವರು ಯಾರು?

ಮಾವ ಸರ್ವೆ ಆಫೀಸಿನಲ್ಲಿ ಮೂವತ್ತೊಂದು ವರ್ಷದಿಂದ ನಕ್ಷೆ ಬರೆಯುತ್ತಿದ್ದಾನೆ. ಮೊದಲು ಪೆನ್ಸಿಲಿನಲ್ಲಿ ಗೆರೆ, ಅದರ ಮೇಲೆ ಇಂಕು, ಒಣಗಿದ ಮೇಲೆ ಪೆನ್ಸಿಲ್ ಗುರುತು ಚೂರೂ ಉಳಿಯದಂತೆ ರಬ್ಬರು. ನಾನು ಚಿಕ್ಕವಳಿದ್ದಾಗ ನನ್ನ ಚಿತ್ರದ ಪುಸ್ತಕದಲ್ಲಿ ಪೆನ್ಸಿಲ್ ಗುರುತು ಕಂಡರೆ, "ಮುಖ ತೊಳೀದೆ ಮದುವೆಗೆ ಹೋದ ಹಾಗಿದೆ" ಎಂದು ಕಿವಿ ಹಿಂಡುತ್ತಿದ್ದ.

ಈ ಸಲ ಪ್ರಾಂತ್ಯದ ಸಭೆಗೆ ನಮ್ಮ ಕಡೆ ಹೊಸದೊಂದು ಕ್ಷೇತ್ರವಾಯಿತು. ಅದರ ನಕ್ಷೆ ಬರೆದವನು ಮಾವನೇ. ತಕರಾರಿದ್ದರೆ ಹೇಳಿ ಎಂದು ಹದಿನೈದು ದಿನ ಆಫೀಸಿನ ಗೋಡೆಗೆ ಹಾಕಿದ್ದರು; ಒಬ್ಬನೂ ಕಣ್ಣೆತ್ತಿ ನೋಡಲಿಲ್ಲ. ಮತದಾನದ ಬೆಳಿಗ್ಗೆ ಗೊತ್ತಾಯಿತು, ನಮ್ಮ ಓಣಿಯ ಅರವತ್ತೊಂದು ಓಟು ಪಕ್ಕದ ಹಳೇ ಕ್ಷೇತ್ರದಲ್ಲೇ ಉಳಿದಿವೆ ಎಂದು. ನಮಗೆಲ್ಲ ಅಕ್ಷರ ಕಲಿಸಿದ ಮೇಷ್ಟ್ರು ಹೊಸ ಕ್ಷೇತ್ರದಲ್ಲಿ ನಿಂತಿದ್ದರು. ಸೋತದ್ದು ಬರೀ ನಲವತ್ತಮೂರು ಓಟಿಗೆ. ಗೆದ್ದವನು ಬೇಕರಿಯವನು. ಮಾವ ದಿನಾ ಸಂಜೆ ಟೀ ಕುಡಿಯುವುದು ಅವನ ಅಂಗಡಿಯಲ್ಲೇ! ಊರಿಗೆ ಇನ್ನೇನು ಬೇಕು?

ಮೇಷ್ಟ್ರಿಗಾಗಿ ಮನೆ ಮನೆ ತಿರುಗಿ ಚಪ್ಪಲಿ ಸವೆಸಿದ್ದ ಅಮ್ಮ ಕೆಂಡವಾದಳು. "ಅಕ್ಕನ ಓಣೀನೇ ಮಾರ್ಕೊಂಡ. ಇನ್ನು ಈ ಹೊಸಿಲು ತುಳೀಬೇಡ ಅಂತ ಹೇಳ್ಬಿಡು ಅವನಿಗೆ."

ನನಗೂ ಅನುಮಾನವೇ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ಸಾಕ್ಷಿ ಹಿಡಿದು ಮುಖಕ್ಕೇ ಕೇಳಿಬಿಡೋಣ ಎಂದು ಮಧ್ಯಾಹ್ನ ಆಫೀಸಿಗೆ ಹೋದೆ. ನಕ್ಷೆ ಇನ್ನೂ ಗೋಡೆಯ ಮೇಲಿತ್ತು. ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದೆ. ಇಂಕಿನ ಗೆರೆ ನಮ್ಮ ಓಣಿಯ ಈಚೆಗಿದೆ, ಓಣಿಯನ್ನು ಹೊರಗಿಟ್ಟು. ಎಳ್ಳುಕಾಳಿನಷ್ಟು ದೂರದಲ್ಲಿ, ಓಣಿಯ ಆಚೆಗೆ, ಅದನ್ನು ಒಳಗೆ ಸೇರಿಸಿಕೊಂಡು, ತೆಳ್ಳನೆಯ ಪೆನ್ಸಿಲ್ ಗೆರೆ. ಅಳಿಸಿಯೇ ಇಲ್ಲ.

ಮೋಸ ಮಾಡಿದವನು ಮೊದಲು ಅಳಿಸುವುದೇ ಅದನ್ನು. ಮಾವನಂಥವನು ಅದನ್ನು ಹಾಗೇ ಬಿಟ್ಟಿದ್ದಾನೆಂದರೆ, ಅದು ಅವನ ಕಣ್ಣಿಗೆ ಬಿದ್ದೇ ಇಲ್ಲ.

ಒಳಗೆ ಮಾವ ಮೇಜಿನ ಮೇಲೆ ಬಗ್ಗಿದ್ದ. ಪೆನ್ನನ್ನು ಇಂಕಿನ ಬಾಟಲಿಗೆ ಅದ್ದಲು ಹೋದ. ಪೆನ್ನು ಬಾಟಲಿ ತಪ್ಪಿ ಪಕ್ಕದ ಹಲಗೆಗೆ ಬಡಿಯಿತು.

"ಮಾವ, ಕಣ್ಣು ಎಷ್ಟು ದಿನದಿಂದ ಹೀಗೆ?"

ಅವನು ಬಾಗಿಲ ಕಡೆ ತಿರುಗಿ ದನಿ ತಗ್ಗಿಸಿದ. "ಎರಡು ವರ್ಷ ಆಯ್ತು. ಡಾಕ್ಟ್ರು ಕೈಚೆಲ್ಲಿದ್ದಾರೆ. ಯಾರಿಗೂ ಹೇಳ್ಬೇಡ ಕಣೇ."

"ಊರೆಲ್ಲ ನಿನ್ನ ಕಳ್ಳ ಅಂತಿದೆ!"

"ಅನ್ಲಿ ಬಿಡು. ಕಳ್ಳ ಅಂದ್ರೂ, ಪಳಗಿದ ಕೈ ಅಂತ ಒಪ್ಕೊಂಡ ಹಾಗಾಯ್ತಲ್ಲ."

ನಗು ಬರಲಿಲ್ಲ. "ಅಮ್ಮನಿಗಾದ್ರೂ ಹೇಳ್ತೀನಿ."

"ಅವಳಿಗಂತೂ ಬೇಡವೇ ಬೇಡ. ಕಳ್ಳ ಅಂದ್ರೆ ಬೈತಾಳೆ, ಅಷ್ಟೆ. ಕುರುಡ ಅಂದ್ರೆ ಅಳ್ತಾಳೆ."

ಅವನನ್ನು ಅನುಮಾನಿಸಿದ್ದಕ್ಕೆ ನಾಚಿಕೆಯಿಂದ ಸಾಯುವ ಹಾಗಾಗಿತ್ತು. ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ಸಿಕ್ತಾ ಸಾಕ್ಷಿ?"

"ಸಿಕ್ತು," ಎಂದೆ. ಅವಳು ತಮ್ಮನನ್ನು ಬಾಯಿ ತುಂಬ ಬೈದಳು. ನಾನು ಅಳು ನುಂಗಿಕೊಂಡು ಹೂಂಗುಟ್ಟಿದೆ.