ನಕ್ಷೆಯಲ್ಲಿ ಇಲ್ಲದ ಬಸ್ಸು

ನಮ್ಮ ಮನೆಯವರು ಹೊಲಿಗೆ ದಾರದ ಕಂಪನಿಯಲ್ಲಿ ಮಾರಾಟ ನೋಡಿಕೊಳ್ಳುತ್ತಾರೆ. ಯಾವ ಊರು ಯಾವ ಡೀಲರಿಗೆ ಎಂದು ಅವರು ಗುರುತಿಸಿದ ನಕ್ಷೆಗೆ ಬಣ್ಣ ತುಂಬಿದವಳು ನಾನು. ಕಾನ್ವೆಂಟಿನಲ್ಲಿ ಕಲಿತಂತೆ, ಗೆರೆ ದಾಟದೆ. ಕಾಂಗೇಯಂ ಪಟ್ಟಣಕ್ಕೆ ಹತ್ತಿರವೆಂದು ಒಂದು ಹಳ್ಳಿಗೆ ಕಾಂಗೇಯಂ ಡೀಲರ ಬಣ್ಣವಾದ ಹಸಿರು ಹಚ್ಚಿದ್ದೆ.

ಇನ್ನೊಂದು ಪಟ್ಟಣವಾದ ಪಲ್ಲಡಂನ ಹಿರಿಯ ಡೀಲರು ಮನೆಗೇ ಬಂದರು. ಕಾಫಿ ಮುಟ್ಟಲಿಲ್ಲ.

"ಆ ಊರಿನ ಟೈಲರುಗಳು ಇಷ್ಟು ವರ್ಷ ನನ್ನ ಅಂಗಡಿಗೇ ಬಂದೋರು. ಇನ್ನು ಬರಬೇಡಿ ಅನ್ನಲಾಮ್ಮಾ?"

"ಕಾಂಗೇಯಂ ಹತ್ತಿರ ಅಲ್ಲವಾ ಅಣ್ಣಾ?"

"ಹತ್ತಿರಾನೇ. ಆದ್ರೆ ಅಲ್ಲಿಂದ ಟೌನ್ ಬಸ್ಸೆಲ್ಲಾ ಪಲ್ಲಡಂಗೇ ಬರೋದು. ನಕ್ಷೆ ಹತ್ತಿಕೊಂಡು ಯಾರು ಹೋಗ್ತಾರೆ?"

ಬಸ್ಸಿನ ದಾರಿಯ ಬಗ್ಗೆ ನಾವಿಬ್ಬರೂ ಯೋಚಿಸಿರಲಿಲ್ಲ. ನಮ್ಮವರು ರಬ್ಬರನ್ನು ನನ್ನ ಕಡೆ ತಳ್ಳಿದರು. ಹಸಿರು ಪೂರ್ತಿ ಹೋಗಲಿಲ್ಲ. ಅದರ ಮೇಲೆಯೇ ಪಲ್ಲಡಂನ ಹಳದಿ ಹಚ್ಚಿದೆ. ಡೀಲರು ಅದನ್ನು ನೋಡಿ, ಆರಿದ ಕಾಫಿಯನ್ನು ಎತ್ತಿಕೊಂಡರು.